ಹನ್ನೆರಡು ಚಾಕು, ಒಂದು ಚೂರಿ

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಆಯುಧವಿತ್ತು, ನನಗೊಬ್ಬಳಿಗೇ ಇರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಡುಮನೆ ಸಾರಿಸಿ, ಗೋಡೆ ಪಕ್ಕ ಒಂದು ಉದ್ದನೆಯ ಹಲಗೆ ಹಾಕುತ್ತಿದ್ದರು. ಅದರ ಮೇಲೆ ಮೊದಲು ತಾತನ ಉಳಿ, ಬಾಚಿ, ಮರ ಕೊರೆಯುವ ಚಾಕುಗಳು. ಆಮೇಲೆ ಅಪ್ಪನ ಕುಡುಗೋಲು. ಅದರ ಪಕ್ಕ ಅವ್ವನ ಈಳಿಗೆಮಣೆ. ಕೊನೆಯಲ್ಲಿ ಅಜ್ಜಿಯ ಎಲೆ ಅಡಿಕೆ ಚೂರಿ. ಎಲ್ಲದಕ್ಕೂ ಅರಿಶಿನ ಕುಂಕುಮ, ಎಲ್ಲದರ ಮೇಲೂ ಒಂದೊಂದು ಚೆಂಡುಹೂವು. ಅವತ್ತು ಇಡೀ ದಿನ ಅವುಗಳಿಗೆ ರಜ, ಯಾರೂ ಮುಟ್ಟುವ ಹಾಗಿಲ್ಲ. ಅವ್ವ ತರಕಾರಿಯನ್ನೆಲ್ಲ ಹಿಂದಿನ ದಿನವೇ ಹೆಚ್ಚಿಟ್ಟುಕೊಂಡಿರುತ್ತಿದ್ದಳು. ನನಗಾಗ ಹತ್ತು ವರ್ಷವಿರಬೇಕು. ಆ ಸಾಲನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ನೋಡಿದೆ.

"ನಂದೆಲ್ಲಿ?" ಎಂದು ಕೇಳಿದೆ.

"ನಿಂದು ಏನಿದೆ ಪೂಜೆಗಿಡೋಕೆ? ನಾಲಗೆ ಕಿತ್ಕೊಡು, ಇಡ್ತೀನಿ. ಈ ಮನೇಲಿ ಎಲ್ಲಕ್ಕಿಂತ ಚೂಪಾಗಿರೋದು ಅದೇ," ಎಂದಳು ಅಜ್ಜಿ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಅಜ್ಜಿಗೆ ಏನೋ ಹೊಳೆಯಿತು. ಹಿತ್ತಿಲಿಗೆ ಹೋಗಿ, ಕೊಟ್ಟಿಗೆ ಗುಡಿಸುವ ಮೋಟು ಪೊರಕೆಯನ್ನು ತೊಳೆದು ತಂದು, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಸಾಲಿನ ಕೊನೆಯಲ್ಲಿ ಮಲಗಿಸಿಬಿಟ್ಟಳು. ಅಪ್ಪ ನಕ್ಕ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಹೋಗಿ ರಾಗಿ ಮೂಟೆಗಳ ಸಂದಿಯಲ್ಲಿ ಕೂತು ಅತ್ತೆ. ಗುಡಿಸುವುದು ಕೀಳು ಕೆಲಸ ಎಂದಲ್ಲ. ಆ ಪೊರಕೆಯನ್ನು ಹಿಡಿಯುವ ಹೊತ್ತು ಬಂದಾಗಲೆಲ್ಲ ನಾನು ಹೊಟ್ಟೆನೋವು ಎಂದು ಮಲಗುತ್ತಿದ್ದೆ, ಅದು ಎಲ್ಲರಿಗೂ ಗೊತ್ತಿತ್ತು. ಮಾಡದ ಕೆಲಸಕ್ಕೆ ಸಲ್ಲುವ ಪೂಜೆಯಂಥ ಅವಮಾನ ಇನ್ನೊಂದಿಲ್ಲ.

ಆಗ ನಮ್ಮ ಸಾರಕ್ಕಿ ಅಂದರೆ ಊರು, ಈಗ ಪೇಟೆ ನಡುವಿನ ಸಿಗ್ನಲ್ಲು. ಆ ಮನೆ ಇದ್ದ ಜಾಗದಲ್ಲೇ ಕೂತು ನಾನು ಈ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ, ಒಂದು ಮಹಡಿ ಮೇಲೆ ಅಷ್ಟೆ. ನನ್ನ ಕುರ್ಚಿಯ ಕೆಳಗೆ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಆಗ ಅಲ್ಲಿ ಜಗಲಿಯಿತ್ತು. ಜಗಲಿಯ ಕಂಬಕ್ಕೆ ಒರಗಿ, ದಸರಾ ಕಳೆದದ್ದೇ ತಡ, ತಾತ ಸಂಜೆಯ ಹೊತ್ತು ಸಕ್ಕರೆ ಅಚ್ಚಿನ ಮರ ಕೊರೆಯುತ್ತಿದ್ದ. ಹಗಲೆಲ್ಲ ಹೊಲದ ಕೆಲಸ, ಸಂಜೆ ಮರದ ಕೆಲಸ. ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುವ ಬಿಳಿ ಸಕ್ಕರೆ ಗೊಂಬೆಗಳನ್ನು ಇವತ್ತು ಎಲ್ಲರೂ ಅಂಗಡಿಯಿಂದ ತರುತ್ತಾರೆ. ಆಗ ಮನೆಯಲ್ಲೇ ಎರಕ ಹೊಯ್ಯಬೇಕಿತ್ತು. ಎರಡು ತೇಗದ ತುಂಡು, ಒಂದೊಂದರಲ್ಲೂ ಗೊಂಬೆಯ ಅರ್ಧ ಮೈ ಹಳ್ಳವಾಗಿ ಕೊರೆದಿರುತ್ತದೆ. ಎರಡನ್ನೂ ನೀರಲ್ಲಿ ನೆನೆಸಿ, ಜೋಡಿಸಿ, ದಾರ ಕಟ್ಟಿ, ಮೇಲಿನ ತೂತಿನಿಂದ ಬಿಸಿ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಒಳಗೆ ಆನೆಯೋ ನವಿಲೋ ನಿಂತಿರುತ್ತದೆ. ಜಯನಗರದ ಹೊಸ ಮನೆಗಳ ಹೆಂಗಸರು ಗದ್ದೆ ಬದುವಿನ ಮೇಲೆ ಸೀರೆ ಎತ್ತಿಕೊಂಡು ನಡೆದು ಬಂದು ತಾತನ ಹತ್ತಿರ ಅಚ್ಚು ಕೊರೆಸುತ್ತಿದ್ದರು.

ರಾಗಿ ಮೂಟೆಯ ಸಂದಿಯಿಂದ ನನ್ನನ್ನು ಎಳೆದದ್ದು ತಾತನೇ.

"ಅಳೋದು ನಿಲ್ಸು. ನಾಳೆ ವಿಜಯದಶಮಿ, ಕಲಿಯೋಕೆ ಶುರು ಮಾಡೋ ದಿನ. ನನ್ನ ಚೀಲದಿಂದ ಒಂದು ಚಾಕು ಆರಿಸ್ಕೋ. ಒಂದೇ ಒಂದು. ಅದ್ರಲ್ಲಿ ಸಂಕ್ರಾಂತಿ ಒಳಗೆ ಒಂದು ಗಿಳಿ ಅಚ್ಚು ಕೊರಿ. ಸಕ್ಕರೆ ಗಿಳಿ ಮುಕ್ಕಾಗ್ದೆ ಈಚೆಗೆ ಬಂತು ಅಂದ್ರೆ ಚಾಕು ನಿಂದು, ಬರೋ ವರ್ಷ ನಾನೇ ಹಲಗೆ ಮೇಲೆ ಇಡ್ತೀನಿ."

"ಬರ್ಲಿಲ್ಲ ಅಂದ್ರೆ?"

"ಪೊರಕೆ ಇದ್ದೇ ಇದೆಯಲ್ಲ," ಎಂದಳು ಅಜ್ಜಿ ಒಳಗಿನಿಂದ. ಅವಳ ಕಿವಿ ಕಣಜದ ಆಚೆಗೂ ಕೇಳುತ್ತಿತ್ತು.

ಮಾರನೆಯ ದಿನ ತಾತ ಜಗಲಿಯ ಮೇಲೆ ಚರ್ಮದ ಚೀಲ ಬಿಚ್ಚಿ ಹಾಸಿದ. ಆರೋ ಏಳೋ ಚಾಕುಗಳು. ಒಂದಕ್ಕೆ ತುದಿ ಕೊಕ್ಕೆಯಂತೆ ಬಾಗಿತ್ತು. ಒಂದು ಮೋಟಾಗಿ, ಅಗಲವಾಗಿ, ನಮ್ಮ ಪಕ್ಕದ ಮನೆಯ ಎಮ್ಮೆಯ ಹಾಗೆ ಮಲಗಿತ್ತು. ಒಂದರ ಬೇವಿನ ಹಿಡಿ ತಾತನ ಬೆವರು ಕುಡಿದು ಕರ್ರಗಾಗಿತ್ತು. ಅವುಗಳ ನಡುವೆ ಒಂದು, ಉದ್ದನೆಯದು, ಹಿಡಿಗೆ ಹಿತ್ತಾಳೆಯ ಬಳೆ ಹಾಕಿದ್ದು, ಬಿಸಿಲಿಗೆ ಕಣ್ಣು ಹೊಡೆಯುತ್ತಿತ್ತು. ನಾನು ಬೇರೆ ಯಾವುದನ್ನೂ ಎತ್ತಿ ಕೂಡ ನೋಡಲಿಲ್ಲ. ತಾತ ಒಂದು ಕ್ಷಣ ನನ್ನ ಮುಖ ನೋಡಿ, "ಸರಿ" ಎಂದ. ಆ "ಸರಿ"ಯ ಅರ್ಥ ನನಗೆ ತಿಳಿದದ್ದು ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ. ಮದುವೆಗೆ ಹುಡುಗನನ್ನು ನೋಡಲು ಹೋದಾಗಲೂ ಜನ ಹೀಗೇ ಆರಿಸುತ್ತಾರೆ ಎಂಬುದು ತಿಳಿದದ್ದು ಇನ್ನೂ ತಡವಾಗಿ.

ಅಚ್ಚು ಕೊರೆಯುವುದರಲ್ಲಿ ಒಂದೇ ನಿಯಮ. ಹಳ್ಳದ ಬಾಯಿ ಅಗಲವಿರಬೇಕು, ತಳ ಕಿರಿದಾಗುತ್ತಾ ಹೋಗಬೇಕು. ಎಲ್ಲಾದರೂ ಚಾಕುವಿನ ಮೂತಿ ಪಕ್ಕಕ್ಕೆ ನುಗ್ಗಿ ಒಳಗೊಂದು ಗೂಡು ಮಾಡಿತೋ, ಸಕ್ಕರೆ ಅಲ್ಲಿ ಹೊಕ್ಕು ಕೂತುಬಿಡುತ್ತದೆ. ಎಳೆದರೆ ಮುರಿಯುತ್ತದೆಯೇ ಹೊರತು ಬರುವುದಿಲ್ಲ. "ಒಳಗೆ ಹೋದ ಸಕ್ಕರೆಗೆ ಈಚೆ ಬರೋ ದಾರಿ ಇರ್ಬೇಕು," ಎಂದು ತಾತ ಹೇಳಿಕೊಟ್ಟದ್ದು ಇಷ್ಟೇ. ಗಿಳಿಯ ಹೊಟ್ಟೆ ಸಲೀಸು, ಬಾಲವೂ ಪರವಾಗಿಲ್ಲ. ಆದರೆ ಕೊಕ್ಕು! ಅದು ಸಣ್ಣದು, ಅದೂ ಬಾಗಿದ್ದು. ನನ್ನ ಹಿತ್ತಾಳೆ ಬಳೆಯ ಮಹಾರಾಯನಿಗೆ ಬಾಗಲು ಗೊತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ನೇರ ನಡೆದು ಗೋಡೆಯೊಳಗೆ ನುಗ್ಗುತ್ತಿದ್ದ.

ಸಕ್ಕರೆ ಹಬ್ಬಕ್ಕೆ ಮಾತ್ರ ಮನೆಗೆ ಬರುವ ವಸ್ತು. ಅಚ್ಚು ಸರಿಯಾಗಿದೆಯೋ ಇಲ್ಲವೋ ನೋಡಲು ತಾತ ಮುದ್ದೆ ಒತ್ತುತ್ತಿದ್ದ. ಹಳ್ಳಕ್ಕೆ ಎಣ್ಣೆ ಸವರಿ, ಬಿಸಿ ರಾಗಿ ಮುದ್ದೆಯ ಚೂರನ್ನು ಅದುಮಿ, ಆರಿದ ಮೇಲೆ ಮೆಲ್ಲಗೆ ಬಿಡಿಸಿದರೆ ಗೊಂಬೆಯ ರೂಪ ಬರುತ್ತದೆ. ನಾನೂ ಊಟಕ್ಕೆ ಕೂತಾಗ ಅಚ್ಚನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಅವರೆಕಾಯಿಯ ಕಾಲ. ತಟ್ಟೆಯಲ್ಲಿ ಹಿತಕಿದ ಬೇಳೆ ಸಾರು ಘಮಘಮ ಎನ್ನುತ್ತಿದ್ದರೂ ನನ್ನ ಧ್ಯಾನವೆಲ್ಲ ಗಿಳಿಯ ಮೇಲೆ. ಮುದ್ದೆ ಒತ್ತುವುದು, ಬಿಡಿಸುವುದು, ನೋಡುವುದು. ಕಂದು ಬಣ್ಣದ ಗಿಳಿ ಬರುತ್ತಿತ್ತು, ಕೊಕ್ಕು ಅಚ್ಚಿನಲ್ಲೇ ಉಳಿಯುತ್ತಿತ್ತು.

"ಮುದ್ದೆ ನುಂಗೋ ವಸ್ತು ಕಣೇ, ಆಟದ ಸಾಮಾನಲ್ಲ," ಎಂದು ಅವ್ವ ಗದರುತ್ತಿದ್ದಳು.

"ಗಿಳಿ ಅಲ್ಲ ಬಿಡು, ಕೋಳಿಮರಿ ಅಂತ ಹೇಳಿ ಬೀರಿದ್ರಾಯ್ತು," ಎನ್ನುತ್ತಿದ್ದಳು ಅಜ್ಜಿ.

ಮೂರು ತುಂಡು ತೇಗ ಹಾಳಾಯಿತು. ಬೇರೆ ಚಾಕು ಕೊಡು ಎಂದು ತಾತನನ್ನು ಗೋಗರೆದೆ. "ಆರಿಸಿದ್ದು ಆಯ್ತಲ್ಲ" ಎಂದುಬಿಟ್ಟ. ಸಂಕ್ರಾಂತಿಗೆ ಇನ್ನು ಹತ್ತು ಹನ್ನೆರಡು ದಿನವಿತ್ತು. ದಿನಾ ಬೆಳಿಗ್ಗೆ ಎದ್ದರೆ ಬಾಗಿಲ ಹಿಂದೆ ನಿಂತ ಮೋಟು ಪೊರಕೆ ನನ್ನನ್ನೇ ನೋಡುತ್ತಿತ್ತು.

ಒಂದು ಸಂಜೆ ಅಜ್ಜಿ ಕೆರೆ ಕಡೆ ಹೋಗಿದ್ದಳು. ನಾನು ಕೊಟ್ಟಿಗೆಯಿಂದ ಬಂದಾಗ ತಾತ ಜಗಲಿಯ ಮೂಲೆಗೆ ತಿರುಗಿ ಕೂತಿದ್ದ. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಏನೋ ಕಳ್ಳಗೆಲಸ. ಮೆಲ್ಲಗೆ ಹೋಗಿ ಬಗ್ಗಿ ನೋಡಿದೆ. ತಾತನ ಕೈಯಲ್ಲಿದ್ದದ್ದು ಅಜ್ಜಿಯ ಎಲೆ ಅಡಿಕೆ ಚೂರಿ. ನವಿಲಿನ ಕಣ್ಣು ಬಿಡಿಸುತ್ತಿದ್ದ.

"ಕಳ್ಳ!" ಎಂದೆ.

ತಾತ ಬೆಚ್ಚಿಬಿದ್ದ. "ಶ್! ಮೆಲ್ಲಗೆ. ನಿಮ್ಮಜ್ಜಿಗೆ ಹೇಳ್ಬೇಡ. ಮದುವೆ ಆದಾಗಿಂದ ಗೊತ್ತಿಲ್ಲ ಅವ್ಳಿಗೆ."

"ಕೇಳಿದ್ರೆ ಕೊಡಲ್ವಾ?"

"ಕೊಡ್ತಾಳೆ. ಆಮೇಲೆ ಸಾಯೋವರ್ಗೂ ಹೇಳ್ತಾಳೆ, ನನ್ನ ಚೂರಿ ಇಲ್ದಿದ್ರೆ ನಿನ್ನ ನವಿಲಿಗೆ ಕಣ್ಣೇ ಇರ್ತಿರ್ಲಿಲ್ಲ ಅಂತ. ಯಾರಿಗ್ಬೇಕು ಆ ರಗಳೆ."

ಬಾಯಿ ಮುಚ್ಚಿಕೊಂಡಿರಲು ನನಗೆ ಲಂಚವಾಗಿ ಸಿಕ್ಕಿದ್ದು ಆ ಚೂರಿಯನ್ನು ಒಂದು ಗಳಿಗೆ ಹಿಡಿಯುವ ಭಾಗ್ಯ. ಅದನ್ನು ಚೂರಿ ಎನ್ನುವುದೂ ಹೆಚ್ಚೇ. ಮಸೆದು ಮಸೆದು ಸವೆದು, ಬಿದಿಗೆಯ ಚಂದ್ರನಷ್ಟು ಉಳಿದಿತ್ತು. ಉದ್ದ ನನ್ನ ಕಿರುಬೆರಳಿನಷ್ಟು. ಹಿಡಿ ಯಾವ ಮರವೋ ಹೇಳಲಾರೆ, ಕಲ್ಲಿನಷ್ಟು ನುಣುಪು. ಆದರೆ ಹಿಡಿದ ಕೂಡಲೇ ನನ್ನ ಹೆಬ್ಬೆರಳು ಅಲಗಿನ ಬೆನ್ನ ಮೇಲೆ ತಾನಾಗಿ ಹೋಗಿ ಕೂತಿತು, ಅಲ್ಲೊಂದು ತಗ್ಗು ಮೊದಲೇ ಇತ್ತು. ಒಂದು ಮರದ ಚೂರಿನ ಮೇಲೆ ಕೊಕ್ಕಿನ ಗೆರೆ ಎಳೆದೆ. ಚೂರಿ ತಿರುವಿನಲ್ಲಿ ಒಂದಿಷ್ಟೂ ತಡೆಯದೆ, ಗಟ್ಟಿ ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ತಿರುಗಿತು. ತಾತ ತಕ್ಷಣ ಕಿತ್ತುಕೊಂಡು, ಮಸೆಗಲ್ಲಿಗೆ ನಾಲ್ಕು ಸಲ ಉಜ್ಜಿ, ಪಂಚೆಯ ತುದಿಯಲ್ಲಿ ಚೆನ್ನಾಗಿ ಒರೆಸಿ, ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಇದ್ದ ಹಾಗೇ ಇಟ್ಟುಬಿಟ್ಟ.

ಅಜ್ಜಿಗೆ ಹಲ್ಲು ಸಡಿಲವಾಗಿತ್ತು. ಒಣ ಅಡಿಕೆ ಕತ್ತರಿಸುವ ಅಡಕೊತ್ತನ್ನು ಬಿಟ್ಟು, ಹಸಿ ಅಡಿಕೆಯನ್ನು ಈ ಚೂರಿಯಲ್ಲೇ ಸುಲಿದು, ತೆಳ್ಳಗೆ ಹೆರೆದು, ಅದರ ಮೂತಿಯಿಂದಲೇ ಎಲೆಗೆ ಸುಣ್ಣ ಸವರಿ ಬಾಯಿಗಿಡುತ್ತಿದ್ದಳು. ಮಧ್ಯಾಹ್ನ ಊಟವಾಗಿ ಎಲೆ ಹಾಕಿಕೊಂಡು ಒಂದು ನಿದ್ದೆ. ಆ ನಿದ್ದೆಯ ಹೊತ್ತಿನಲ್ಲಿ ನಾಲ್ಕು ದಿನ ನಾನು ಚೂರಿ ಕದ್ದೆ. ನಾನು ತಾತನಿಗಿಂತ ಬುದ್ಧಿವಂತೆ ಎಂದು ನನ್ನ ನಂಬಿಕೆ. ತೊಳೆದು ಒರೆಸಿ ಇಟ್ಟರೆ ಹೊಳೆಯುತ್ತದೆ, ಅಜ್ಜಿಗೆ ಅನುಮಾನ ಬರುತ್ತದೆ. ಅದಕ್ಕೇ ಅಡಿಕೆಯ ರಸ, ಸುಣ್ಣ ಎಲ್ಲ ಹೇಗೆ ಅಂಟಿಕೊಂಡಿತ್ತೋ ಹಾಗೇ ಎತ್ತಿಕೊಂಡು, ಹೊಸ ತುಂಡಿನಲ್ಲಿ ಹಾಗೇ ಕೊರೆದು, ಹಾಗೇ ವಾಪಸ್ಸು ಇಡುತ್ತಿದ್ದೆ. ಐದನೆಯ ದಿನ ಊಟಕ್ಕೆ ಕೂತು ಅಚ್ಚಿಗೆ ಮುದ್ದೆ ಒತ್ತಿದೆ. ಗಿಳಿ ಬಂತು. ಕೊಕ್ಕು ಕೂಡ ಬಂತು! ಯಾರಿಗೂ ತೋರಿಸದೆ ಸಾರಿನಲ್ಲಿ ಅದ್ದಿ ನುಂಗಿಬಿಟ್ಟೆ.

ಹಬ್ಬದ ಹಿಂದಿನ ದಿನ ಅಡುಗೆಮನೆಯಲ್ಲಿ ಅವ್ವ ಪಾಕಕ್ಕೆ ಇಟ್ಟಳು. ಹಾಲು ಹಾಕಿ ಕೊಳೆ ತೆಗೆದು, ಶೋಧಿಸಿ, ಬೆಳ್ಳಗೆ ಬರುವ ತನಕ ತಿರುವಿ, ನೆನೆದ ಅಚ್ಚುಗಳಿಗೆ ಒಂದೊಂದಾಗಿ ಹೊಯ್ದಳು. ಬಿಚ್ಚುವ ಅಧಿಕಾರ ಅಜ್ಜಿಯದು. ತಾತನ ಆನೆ ಬಂತು, ಮಂಟಪ ಬಂತು, ಕಣ್ಣಿರುವ ನವಿಲು ಬಂತು. ಕೊನೆಗೆ ನನ್ನದು. ನಾನು ಅವ್ವನ ಸೆರಗಿನ ತುದಿಯನ್ನು ಬಾಯಲ್ಲಿಟ್ಟು ಅಗಿಯುತ್ತಿದ್ದೆ. ಅಜ್ಜಿ ದಾರ ಬಿಚ್ಚಿದಳು, ಮರದ ಬೆನ್ನಿಗೆ ಎರಡು ತಟ್ಟು ತಟ್ಟಿ ತೆರೆದಳು. ಗಿಳಿ ಅವಳ ಅಂಗೈ ಮೇಲೆ ನಿಂತಿತ್ತು. ಬಾಲ ಇದೆ, ರೆಕ್ಕೆ ಇದೆ, ಬಾಗಿದ ಕೊಕ್ಕು ಪೂರ್ತಿ ಇದೆ. ಮೈಯೆಲ್ಲ ಹಾಲಿನಂತೆ ಬಿಳುಪು.

ಕೊಕ್ಕು ಮಾತ್ರ ಕೆಂಪು.

ರಾಗಿ ಮುದ್ದೆಯ ಕಂದು ಬಣ್ಣ ನಾಲ್ಕು ದಿನದ ಕಳ್ಳತನವನ್ನು ಮುಚ್ಚಿಟ್ಟಿತ್ತು, ಸಕ್ಕರೆ ಎಲ್ಲ ಹೇಳಿಬಿಟ್ಟಿತು. ಅಜ್ಜಿ ಗಿಳಿಯನ್ನು ಬಾಯಿಯ ಹತ್ತಿರ ತಂದು ಕೊಕ್ಕಿಗೆ ನಾಲಗೆಯ ತುದಿ ತಾಗಿಸಿದಳು.

"ಸುಣ್ಣ," ಎಂದಳು. ಆಮೇಲೆ ಅವ್ವನ ಕಡೆ ತಿರುಗಿ, "ನೋಡೇ, ನಿನ್ನ ಮಗಳ ಗಿಳಿ ಎಲೆ ಅಡಿಕೆ ಹಾಕ್ಕೊಂಡೈತೆ."

ತಾತ ಹೆಂಚು ಎಣಿಸುತ್ತಿದ್ದ.

"ಯಾವ ಚಾಕಲ್ಲೇ ಕೊರೆದಿದ್ದು?"

"ತಾತಂದ್ರಲ್ಲಿ," ಎಂದೆ.

"ತಾತಂದೋ? ಇಷ್ಟು ವರ್ಷ ತಾತ ಯಾವ್ದ್ರಲ್ಲಿ ಕೊರೀತಿದ್ದ ಅಂತ ನಂಗೊತ್ತಿಲ್ಲ ಅಂದ್ಕೊಂಡಾ? ನನ್ನ ಚೂರಿ ವರ್ಷವೆಲ್ಲಾ ಕರ್ರಗಿರ್ತದೆ, ಸಂಕ್ರಾಂತಿ ಹತ್ರ ಬಂದ್ರೆ ಮಾತ್ರ ಹೊಸ ಮದುವಣಗಿತ್ತಿ ಥರ ಹೊಳೀತದೆ. ಅದೂ ಮಸೆದಿಟ್ಟಿರ್ತಾನೆ ಪುಣ್ಯಾತ್ಮ."

ತಾತ ಹೆಂಚಿನಿಂದ ಕಣ್ಣಿಳಿಸಿದ. "ಗೊತ್ತಿತ್ತಾ? ಮತ್ತೆ ಒಂದು ದಿನಾನೂ ಕೇಳ್ಲಿಲ್ವಲ್ಲೇ?"

"ಕೇಳಿದ್ರೆ ಮಸೆದುಕೊಡೋರು ಯಾರು?"

ಅವ್ವ ಒಲೆಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ನನಗೆ ಮಾತ್ರ ನಗು ಬರಲಿಲ್ಲ. ತಾತ ನನ್ನನ್ನು ಹತ್ತಿರಕ್ಕೆ ಕರೆದು, ಬೇಸರದಿಂದಲೇ ಹೇಳಿದ.

"ಪುಟ್ಟೀ, ಗಿಳಿ ಚೆನ್ನಾಗಿ ಬಂದಿದೆ. ಆದ್ರೆ ಆರಿಸ್ಕೊಂಡಿದ್ದು ಒಂದು, ಕೊರೆದಿದ್ದು ಇನ್ನೊಂದು. ಆ ಚಾಕು ನಿಂಗೆ ಕೊಡೋಕಾಗಲ್ಲ."

"ನಂಗದು ಬೇಡ," ಎಂದೆ. "ನಂಗೆ ಅಜ್ಜಿದೇ ಬೇಕು."

ಕೇಳಿದ ಮೇಲೆ ನನಗೇ ಭಯವಾಯಿತು. ಅಜ್ಜಿಯ ಚೀಲಕ್ಕೆ ಅಪ್ಪ ಕೂಡ ಕೈ ಹಾಕುವಂತಿರಲಿಲ್ಲ. ಅವಳು ಗಿಳಿಯನ್ನು ತಟ್ಟೆಯಲ್ಲಿಟ್ಟು, ಸೊಂಟದಿಂದ ಚೀಲ ತೆಗೆದು, ಚೂರಿಯನ್ನು ಹೊರಗೆಳೆದು, ಅದನ್ನೂ ನನ್ನನ್ನೂ ನೋಡಿದಳು. ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ತಿರುಗಿಸಿದಳು. ಅಲ್ಲಿ ಹಿತ್ತಾಳೆ ಬಳೆಯವನು ಮಾಡಿದ ಗಾಯ, ಅದರ ಮೇಲೆ ನಾಲ್ಕು ದಿನದ ಹೊಸ ಬೊಬ್ಬೆ.

"ಮೂರು ತಿಂಗಳಿಂದ ಹೊಟ್ಟೆನೋವು ಅಂದಿಲ್ಲ ಇವ್ಳು," ಎಂದಳು, ತನಗೆ ತಾನೇ ಎಂಬಂತೆ. ಆಮೇಲೆ ಜೋರಾಗಿ, "ನೋಡು, ಇವತ್ತಿಂದ ನನ್ನ ಅಡಿಕೆ ನೀನೇ ಸುಲಿ, ನೀನೇ ಹೆರಿ. ಚೂರಿ ನಿನ್ನ ಹತ್ರಾನೇ ಇರ್ಲಿ. ನನ್ನ ಹಲ್ಲಿಗೆ ದಪ್ಪ ಸಿಕ್ತೋ, ಅವತ್ತೇ ವಾಪಸ್."

ದಿನಕ್ಕೆ ಐದು ಅಡಿಕೆ, ಹಬ್ಬ ಹುಣ್ಣಿಮೆಗೆ ಏಳು. ಎಲೆಯ ಮೇಲಿಟ್ಟರೆ ಹೋಳಿನ ಮೂಲಕ ಎಲೆಯ ನರ ಕಾಣುವಷ್ಟು ತೆಳುವಾಗಿರಬೇಕು. ನನ್ನ ಕೈ ಪಳಗಿದ್ದು ಮರದ ಮೇಲಲ್ಲ, ಆ ಅಡಿಕೆಯ ಮೇಲೆ. ಆನೆಗಿಂತ ಮೊದಲು ನಾನು ಕಲಿತದ್ದು ಇನ್ನೊಬ್ಬರ ಹಲ್ಲಿಗೆ ಹೊಂದುವುದು. ಮುಂದಿನ ಆಯುಧಪೂಜೆಗೆ ಹಲಗೆಯ ಮೇಲೆ ಚೂರಿ ಯಾರ ಹೆಸರಿನಲ್ಲಿ ಕೂರಬೇಕು ಎಂದು ದೊಡ್ಡ ಜಗಳವಾಯಿತು. ಅಜ್ಜಿ ಕೊನೆಗೆ ಅದಕ್ಕೆ ಎರಡು ಬೊಟ್ಟಿಟ್ಟಳು. ಹಿಡಿಯ ಮೇಲೊಂದು, ಅದು ತನ್ನದು. ಅಲಗಿನ ಮೇಲೊಂದು, ಅದು ನನ್ನದು. ಮೋಟು ಪೊರಕೆಯನ್ನು ಈ ಸಲ ತಾತನ ಉಳಿಗಳ ಪಕ್ಕ ಮಲಗಿಸಿದಳು, ಇಷ್ಟು ವರ್ಷ ಚೂರಿ ಕದ್ದ ತಪ್ಪಿಗೆ.

ಅಪ್ಪನಿಗೆ ನಾನೊಬ್ಬಳೇ ಮಗಳು. ಮದುವೆಯಾಗಿ ವಸಂತಪುರಕ್ಕೆ ಹೋದವಳು ಎರಡು ವರ್ಷದಲ್ಲಿ ಗಂಡನನ್ನೂ ಚೂರಿಯನ್ನೂ ಕಟ್ಟಿಕೊಂಡು ಇದೇ ಮನೆಗೆ ವಾಪಸ್ಸು ಬಂದೆ. ಎರಡೂ ಬಹಳ ಕಾಲ ಬಾಳಿಕೆ ಬಂದವು. ನನ್ನ ಹೆಬ್ಬೆರಳು ಸವೆದು ನುಣ್ಣಗಾಗಿ, ಈ ಫೋನಿಗೆ ಗುರುತೇ ಸಿಗುವುದಿಲ್ಲ. ಮೊಮ್ಮಗಳು ಎಷ್ಟು ಸಲ ಒತ್ತಿಸಿದರೂ ನಾನು ಯಾರೋ ಬೇರೆಯವಳು ಎನ್ನುತ್ತದೆ. ಕೊನೆಗೆ ಬೆರಳಿನ ಬದಲು ನಂಬರ್ ಹಾಕಿಕೊಟ್ಟವಳು, ಕನ್ನಡ ಒತ್ತುವುದು ಕಲಿಸಿದವಳು, ನನ್ನ ಸೊಸೆ ರೇಖಾ. ವಾರವೆಲ್ಲ ಬ್ಯಾಂಕಿನ ಕೆಲಸ. ಕಳೆದ ವರ್ಷದಿಂದ ಶನಿವಾರ ಜಯನಗರದಲ್ಲಿ ಮರ ಕೆತ್ತುವ ಕ್ಲಾಸಿಗೆ ಹೋಗುತ್ತಾಳೆ. ಒಂದು ದಿನ ಆನ್‌ಲೈನಿನಲ್ಲಿ ತರಿಸಿದ ಚೀಲವನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹಾಸಿದಳು. ಹನ್ನೆರಡು ಚಾಕು.

"ಅತ್ತೆ, ಇದ್ರಲ್ಲಿ ಯಾವ್ದು ಬೆಸ್ಟ್ ಹೇಳಿ?"

"ಎಲ್ಲಾ ಚೆನ್ನಾಗವೆ ಕಣಮ್ಮ. ನಿಂಗ್ಯಾವುದು ಇಷ್ಟ?"

ಅವಳು ಎತ್ತಿಕೊಂಡದ್ದು ಎಲ್ಲಕ್ಕಿಂತ ಉದ್ದನೆಯದನ್ನು, ಫಳಫಳ ಹೊಳೆಯುವುದನ್ನು. ನಾನು "ಸರಿ" ಎಂದೆ.

ಅಡುಗೆಮನೆಯ ಡ್ರಾಯರಿನಲ್ಲಿ ಹುರುಳಿಕಾಯಿಯ ನಾರು ತೆಗೆಯಲು ಇಟ್ಟುಕೊಂಡಿದ್ದ ನನ್ನ ಚೂರಿ ತಿಂಗಳೊಪ್ಪತ್ತಿನಲ್ಲಿ ಒಂದು ವಿಚಿತ್ರ ಅಭ್ಯಾಸ ಕಲಿಯಿತು. ಸೋಮವಾರದಿಂದ ಶುಕ್ರವಾರದ ತನಕ ಕರ್ರಗಿರುತ್ತಿತ್ತು, ಭಾನುವಾರ ಬೆಳಿಗ್ಗೆ ನೋಡಿದರೆ ಹೊಳೆಯುತ್ತಿತ್ತು. ಕೂದಲು ಸೀಳುವಷ್ಟು ಚೂಪು. ನಾನೇನು ದಡ್ಡಿಯೇ ಕೇಳಲು? ಎಂಟು ತಿಂಗಳು ಬಾಯಿ ಬಿಡಲಿಲ್ಲ. ನನ್ನ ಹುರುಳಿಕಾಯಿಗೆ ಅಂಥ ಸುಖದ ಕಾಲ ಎಂದೂ ಬಂದಿರಲಿಲ್ಲ.

ಹೋದ ಆಯುಧಪೂಜೆಗೆ ಹಲಗೆಯ ಮೇಲೆ ಕಾರಿನ ಕೀ, ಎರಡು ಲ್ಯಾಪ್‌ಟಾಪು, ಮಿಕ್ಸಿಯ ಜಾರು, ರೇಖಾಳ ಹನ್ನೆರಡು ಚಾಕುಗಳ ಚೀಲ ಎಲ್ಲ ಕೂತವು. ಕೊನೆಯಲ್ಲಿ ನನ್ನ ಚೂರಿ ಇಟ್ಟು, ಹಿಡಿಗೊಂದು ಅಲಗಿಗೊಂದು ಬೊಟ್ಟಿಟ್ಟೆ. ರೇಖಾ ಹೂವು ಇಡುತ್ತಾ ಬಂದವಳು ಅಲ್ಲಿ ನಿಂತಳು.

"ಅತ್ತೆ, ಎಲ್ಲದಕ್ಕೂ ಒಂದೊಂದು ಬೊಟ್ಟು. ಇದಕ್ಯಾಕೆ ಎರಡು?"

"ಹಿಡಿ ಮೇಲಿಂದು ನಂದು ಕಣಮ್ಮ."

"ಅಲಗಿಂದು?"

"ಅದು ಶನಿವಾರ ಎತ್ಕೊಂಡು ಹೋಗೋರದ್ದು."

ಅವಳ ಮುಖ ನನ್ನ ಗಿಳಿಯ ಕೊಕ್ಕಿನ ಬಣ್ಣಕ್ಕೆ ತಿರುಗಿತು. ಬಾಗಿಲ ಹತ್ತಿರ ನನ್ನ ಮಗ ಫ್ಯಾನ್ ಎಣಿಸುತ್ತಿದ್ದ, ಇರುವುದು ಒಂದೇ ಫ್ಯಾನ್ ಆದರೂ.

ಮಾರನೆಯ ದಿನದಿಂದ ನಮ್ಮ ಮನೆಯ ಹುರುಳಿಕಾಯಿ ಹೆಚ್ಚುವವಳು ರೇಖಾ. ದಪ್ಪ ದಪ್ಪಗೆ ಹೆಚ್ಚುತ್ತಾಳೆ, ನಾರೂ ಪೂರ್ತಿ ಬಿಡಿಸುವುದಿಲ್ಲ, ನನ್ನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಆದರೂ ಚೂರಿಯನ್ನು ಇನ್ನೂ ವಾಪಸ್ಸು ಕೇಳಿಲ್ಲ.